ಮೊದಲು ಕೆಡುವುದಕ್ಕೆಂದೇ ಇಟ್ಟ ಭಾಗ

ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮ ಮನೆಯ ಕುಕ್ಕರ್ ತೊಗರಿಬೇಳೆಯ ಕಟ್ಟನ್ನು ಅಡುಗೆಮನೆಯ ಚಾವಣಿಯವರೆಗೆ ಚಿಮ್ಮಿಸಿತು. ಎರಡು ಸೀಟಿ ಹೊಡೆದ ಮೇಲೆ ಅದು ಸುಮ್ಮನಾಗಿಬಿಟ್ಟದ್ದನ್ನು ಯಾರೂ ಗಮನಿಸಿರಲಿಲ್ಲ. ಅವ್ವ ಪಡಸಾಲೆಯಲ್ಲಿ ಕುಳಿತು ಸೇಡಂನಲ್ಲಿರುವ ತನ್ನ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು, ನಾನು ಕೂಲರಿಗೆ ನೀರು ತುಂಬುತ್ತಿದ್ದೆ. ಉಸ್ಸೆಂಬ ದೊಡ್ಡ ಸದ್ದು ಕೇಳಿ ಓಡಿಹೋಗಿ ನೋಡಿದರೆ ಮುಚ್ಚಳದ ಒಂದು ಬದಿಯ ಸಣ್ಣ ತೂತಿನಿಂದ ಹಬೆ ಕಂಬದಂತೆ ಮೇಲೇಳುತ್ತಿತ್ತು. ದೂರದಿಂದಲೇ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಎಲ್ಲ ತಣ್ಣಗಾದ ಮೇಲೆ ಮುಚ್ಚಳ ತೆಗೆದಾಗ ಕಂಡದ್ದು ಇಷ್ಟೇ: ಸೇಫ್ಟಿ ವಾಲ್ವ್ ಎಂದು ನಾವು ಕರೆಯುವ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಬಿರಡೆಯ ನಡುವಿನ ಲೋಹ ಕರಗಿ ಹೋಗಿತ್ತು.

ಅವ್ವನ ತೀರ್ಪು ಕೂಡಲೇ ಹೊರಬಿತ್ತು. “ಇಪ್ಪತ್ತು ವರ್ಷ ಬಾಳಿಕಿ ಬಂದದ್ದು ಇವತ್ತ ಕೆಟ್ಟ ಹೋತು ನೋಡು” ಎಂದು ಹೇಳಿ, ಹೊಸ ಕುಕ್ಕರಿನ ಖರ್ಚನ್ನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಮರುದಿನ ಸಂಜೆ ಇಬ್ಬರೂ ಕುಕ್ಕರನ್ನು ಚೀಲದಲ್ಲಿಟ್ಟುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಓಣಿಯಲ್ಲಿ ಸ್ಟವ್, ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುವ ಉಸ್ತಾದರ ಅಂಗಡಿಗೆ ಹೋದೆವು. ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದು, ಸೀಟಿ ಕೂರುವ ನಳಿಗೆಯಲ್ಲಿ ಒಂದು ಸೂಜಿ ತೂರಿಸಿ, ಒಣಗಿ ಕಲ್ಲಿನಂತಾಗಿದ್ದ ಬೇಳೆಯ ಚೂರನ್ನು ಹೊರಗೆ ತೆಗೆದರು. “ಕೆಟ್ಟಿಲ್ಲ ಅಮ್ಮಾ, ತನ್ನ ಕೆಲಸ ಮಾಡ್ಯದ. ಇದು ಕೆಡ್ಲಿ ಅಂತನೇ ಇಟ್ಟಾರ” ಎಂದರು. ಹೊಸ ಬಿರಡೆಯ ಬೆಲೆ ನಾವು ಆಟೊಗೆ ಕೊಟ್ಟ ಹಣಕ್ಕಿಂತ ಕಡಿಮೆ ಇತ್ತು.

ಡಿಪ್ಲೊಮಾ ಓದುವ ಹುಡುಗರಿಗೆ ಯಂತ್ರಗಳ ವಿನ್ಯಾಸ ಕಲಿಸುವುದು ನನ್ನ ಉದ್ಯೋಗ. ಯಾವ ಭಾಗ ಎಷ್ಟು ಭಾರ ತಾಳಬೇಕು, ಎಷ್ಟು ದಪ್ಪವಿರಬೇಕು ಎಂಬ ಲೆಕ್ಕಗಳನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಯಾವ ಭಾಗ ಎಲ್ಲಕ್ಕಿಂತ ಮೊದಲು ಸೋಲಬೇಕು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಒತ್ತಿ ಕೇಳಿದ ನೆನಪು ನನಗಿಲ್ಲ. ಉಸ್ತಾದರ ಆ ಒಂದು ಮಾತಿನ ನಂತರ ಮನೆಯ ಪ್ರತಿಯೊಂದು ವಸ್ತುವಿನಲ್ಲೂ ಅಂಥ ಭಾಗವನ್ನು ಹುಡುಕುವ ಚಟ ಹತ್ತಿದೆ. ಈ ಬರಹ ಆ ಹುಡುಕಾಟದಲ್ಲಿ ಸಿಕ್ಕಿದ್ದರ ವಿವರ.

ಕುಕ್ಕರಿನಿಂದಲೇ ಮೊದಲು ಮಾಡುವುದು ಸರಿ, ಏಕೆಂದರೆ ತೊಗರಿಯ ಈ ನಾಡಿನಲ್ಲಿ ಅದರಷ್ಟು ದುಡಿಯುವ ಪಾತ್ರೆ ಇನ್ನೊಂದಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಇಲ್ಲದಿದ್ದಾಗಲೂ ನಮ್ಮ ಮನೆಗಳಲ್ಲಿ ಬೇಳೆ ಬೇಯದ ದಿನವಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಕುದಿಯತೊಡಗಿದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಮೇಲೇರುವುದಿಲ್ಲ. ಕುಕ್ಕರಿನ ಮುಚ್ಚಳ ಹಬೆಯನ್ನು ತಡೆದು, ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಹೆಚ್ಚಿನ ಒತ್ತಡ ಹುಟ್ಟಿಸಿದಾಗ ನೀರು 120 ಡಿಗ್ರಿಯ ಸುತ್ತಮುತ್ತ ಕುದಿಯುತ್ತದೆ. ಸೀಟಿ ಎಂದು ನಾವು ಕರೆಯುವುದು ಆ ಒತ್ತಡವನ್ನು ತೂಗುವ ಒಂದು ಕಲ್ಲುಬಟ್ಟು, ಅಷ್ಟೇ. ಒಳಗಿನ ಒತ್ತಡ ಅದರ ಭಾರವನ್ನು ಮೀರಿದಾಗ ಅದು ಮೇಲೆದ್ದು, ಹೆಚ್ಚಾದ ಹಬೆಯನ್ನು ಹೊರಗೆ ಬಿಟ್ಟು, ಮತ್ತೆ ಕೂರುತ್ತದೆ.

ತೊಗರಿಬೇಳೆಯ ತೊಂದರೆ ಅದರ ನೊರೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ನೊರೆ ಮೇಲೇರಿ ಸೀಟಿಯ ನಳಿಗೆಯೊಳಗೆ ಹೊಕ್ಕು ಅಲ್ಲೇ ಒಣಗುತ್ತದೆ. ಆಗ ತಕ್ಕಡಿ ಇದ್ದೂ ಇಲ್ಲದಂತೆ. ಒತ್ತಡ ಏರುತ್ತಿದ್ದರೂ ಸೀಟಿಗೆ ಸುದ್ದಿ ಮುಟ್ಟುವುದಿಲ್ಲ. ಕರಗುವ ಬಿರಡೆ ಅಲ್ಲಿರುವುದು ಇಂಥ ಹೊತ್ತಿಗಾಗಿ. ಅದರ ಹಿಂದಿನ ಲೋಹವಿದ್ಯೆ ನನಗೆ ಪ್ರತಿಸಲವೂ ಸೋಜಿಗವೆನಿಸುತ್ತದೆ. ತವರ ಕರಗುವುದು 232 ಡಿಗ್ರಿಯಲ್ಲಿ, ಬಿಸ್ಮತ್ ಎಂಬ ಲೋಹ ಕರಗುವುದು 271 ಡಿಗ್ರಿಯಲ್ಲಿ. ಆದರೆ ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಬರುವ ಮಿಶ್ರಲೋಹ ಕೇವಲ 138 ಡಿಗ್ರಿಯಲ್ಲಿ ನೀರಾಗುತ್ತದೆ. ಹೀಗೆ ಬೆರಕೆಯ ಅಳತೆಯನ್ನು ಬದಲಿಸುತ್ತ, ಕೆಲವೊಮ್ಮೆ ಮೂರನೆಯ ಲೋಹವನ್ನೂ ಸೇರಿಸುತ್ತ, ಬೇಕೆನಿಸಿದ ಬಿಸಿಗೆ ಸರಿಯಾಗಿ ಸೋಲುವ ಲೋಹವನ್ನು ತಯಾರಿಸಬಹುದು. 138 ಡಿಗ್ರಿಯ ಹಬೆಯ ಒತ್ತಡ ಸೀಟಿ ಏಳುವ ಒತ್ತಡದ ಎರಡೂವರೆ ಪಟ್ಟಿನ ಸಮೀಪ ಇರುತ್ತದೆ; ಗಟ್ಟಿಮುಟ್ಟಾದ ಪಾತ್ರೆ ಅದನ್ನು ತಾಳಿಕೊಳ್ಳುತ್ತದೆ, ಆದರೆ ಅದಕ್ಕಿಂತ ಬಹಳ ಮುಂದೆ ಹೋಗಲು ಬಿಡುವುದು ಜಾಣತನವಲ್ಲ. ನೀರೆಲ್ಲ ಆವಿಯಾಗಿ ತಳ ಬತ್ತಿಹೋದರೂ ಇದೇ ಬಿರಡೆ ಕರಗುತ್ತದೆ, ಏಕೆಂದರೆ ನೀರಿಲ್ಲದ ಪಾತ್ರೆಯ ಬಿಸಿಗೆ ಮಿತಿಯೆಂಬುದಿಲ್ಲ.

ಒತ್ತಡದಲ್ಲಿ ಅಡುಗೆ ಮಾಡುವ ಪಾತ್ರೆಯನ್ನು 1679ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ತೋರಿಸಿದವನು ಡೆನಿಸ್ ಪಾಪಾಂ ಎಂಬ ಫ್ರೆಂಚ್ ವೈದ್ಯ, ರಾಬರ್ಟ್ ಬಾಯ್ಲನಿಗೆ ಪ್ರಯೋಗಗಳಲ್ಲಿ ಸಹಾಯ ಮಾಡಿದವನು. 1682ರಲ್ಲಿ ಆತ ಸೊಸೈಟಿಯ ಸದಸ್ಯರಿಗೆ ಬಡಿಸಿದ ಊಟದಲ್ಲಿ ದನದ ಎಲುಬುಗಳೂ ಚೀಸಿನಷ್ಟು ಮೆತ್ತಗಾಗಿದ್ದುವಂತೆ. ಎಲುಬು ಬೇಯಿಸಿದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಪಾತ್ರೆಯ ಮೇಲೆ ಆತ ಕೂರಿಸಿದ ಸುರಕ್ಷತೆಯ ಕವಾಟ. ಒಂದು ದಂಡಿಗೆ, ಅದರ ತುದಿಗೆ ಜೋತುಬಿದ್ದ ತೂಕ, ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಹಿಂದೆ ಕಾಣುತ್ತಿದ್ದ ಒಂಟಿ ತಟ್ಟೆಯ ತಕ್ಕಡಿಯ ಹಾಗೆ. ಕರಗುವ ಬಿರಡೆ ಬಂದದ್ದು ನೂರಿಪ್ಪತ್ತು ವರ್ಷಗಳ ನಂತರ, ಒಂದು ದುರಂತದ ಬೆನ್ನಿಗೆ. 1803ರಲ್ಲಿ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಹಬೆಯಂತ್ರದ ಬಾಯ್ಲರ್ ಒಡೆದು ನಾಲ್ವರು ಸತ್ತರು. ಕವಾಟ ಸರಿಯಿತ್ತೋ ಇಲ್ಲವೋ ಎನ್ನುವುದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅದನ್ನು ನೋಡಿಕೊಳ್ಳಬೇಕಾದ ಮನುಷ್ಯ ನೋಡಿಕೊಳ್ಳುತ್ತಿರಲಿಲ್ಲ. ಟ್ರೆವಿಥಿಕ್ ಅಂದಿನಿಂದ ತನ್ನ ಬಾಯ್ಲರುಗಳಿಗೆ ಎರಡು ಕವಾಟಗಳನ್ನು ಇಟ್ಟದ್ದಲ್ಲದೆ, ಒಂದು ಸೀಸದ ಬಿರಡೆಯನ್ನೂ ಕೂರಿಸಿದ. ನೀರು ಅಪಾಯದ ಮಟ್ಟಕ್ಕಿಂತ ಕೆಳಗಿಳಿದರೆ ಸೀಸ ಕರಗಿ, ಹಬೆ ತಾನೇ ಬೆಂಕಿಯತ್ತ ನುಗ್ಗಿ ಎಚ್ಚರಿಸುತ್ತಿತ್ತು. ಕಾಯುವವನು ಮೈಮರೆಯುತ್ತಾನೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಆ ಬಿರಡೆಯ ವಂಶವೇ ಇಂದು ಫೋನಿನಲ್ಲಿ ಮಾತಾಡುತ್ತಿರುವ ಅವ್ವನನ್ನೂ ಕೂಲರಿಗೆ ನೀರು ಹಾಕುತ್ತಿರುವ ಮಗನನ್ನೂ ಕಾಯುತ್ತಿದೆ.

ನಮ್ಮ ದೇಶದ ಕುಕ್ಕರುಗಳಲ್ಲಿ ಈ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮುಚ್ಚಳ ಹೊರಗಿನಿಂದ ಕೂರುವ ಕುಕ್ಕರುಗಳನ್ನು ತಿರುಗಿಸಿ ನೋಡಿದರೆ, ಹಲವು ಮುಚ್ಚಳಗಳ ಅಂಚಿನಲ್ಲಿ ಉದ್ದನೆಯ ಒಂದು ಸೀಳು ಕಾಣುತ್ತದೆ. ಅದು ಅಲಂಕಾರಕ್ಕಿಟ್ಟದ್ದೆಂದೇ ನಾನು ಬಹುಕಾಲ ತಿಳಿದಿದ್ದೆ. ಒತ್ತಡ ಮಿತಿಮೀರಿದಾಗ ಒಳಗಿನ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್, ಆ ಸೀಳಿನ ಮೂಲಕ ಹೊರಗೆ ಉಬ್ಬಿ ಹಬೆಗೆ ದಾರಿ ಬಿಡುತ್ತದೆ. ಸೀಟಿ ಕಟ್ಟಿಕೊಂಡರೆ ಗ್ಯಾಸ್ಕೆಟ್ ಅಥವಾ ಬಿರಡೆ, ಒಂದು ಮರೆತರೆ ಇನ್ನೊಂದು. ಅವೆಲ್ಲಕ್ಕೂ ಪಾತ್ರೆಗಿಂತ ಮೊದಲು ಸೋಲುವ ಅಪ್ಪಣೆಯಿದೆ. 1959ರಲ್ಲಿ ಶುರುವಾದ ಹಾಕಿನ್ಸ್ ಕಂಪನಿಯ ಕುಕ್ಕರುಗಳು ಬೇರೆ ದಾರಿ ಹಿಡಿದವು: ಅವುಗಳ ಮುಚ್ಚಳ ಒಳಗಿನಿಂದ ಕೂರುತ್ತದೆ, ಹಬೆಯೇ ಅದನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ, ಒತ್ತಡ ಇಳಿಯುವವರೆಗೆ ಯಾರ ಬಲಕ್ಕೂ ಅದು ತೆರೆಯುವುದಿಲ್ಲ. ಅವಸರದ ಮನುಷ್ಯನ ಕೈಗೆ ಹಬೆಯೇ ಬೀಗ ಹಾಕುವ ಈ ಉಪಾಯವನ್ನು ನಾನು ಮೆಚ್ಚುತ್ತೇನೆ. ಆದರೂ ಅಲ್ಲಿಯೂ ಮುಚ್ಚಳದ ಮೇಲೆ ಕರಗುವ ಬಿರಡೆ ಇದ್ದೇ ಇದೆ.

ಇನ್ನು ಫ್ಯೂಸ್. ನಮ್ಮ ಹಳೆಯ ಮನೆಯ ಪಿಂಗಾಣಿಯ ಕಟೌಟಿನಲ್ಲಿ, ಅಂದರೆ ಫ್ಯೂಸಿನ ಹಿಡಿಕೆಯಲ್ಲಿ, ಕೂದಲಿನಷ್ಟು ಸಣ್ಣ ತಂತಿಯೊಂದು ಇರುತ್ತಿತ್ತು, ಅದು “ಉಡಿ”ದಾಗಲೆಲ್ಲ ಅಪ್ಪ ಟಾರ್ಚ್ ಹಿಡಿದು ಹೊಸ ತಂತಿ ಸುತ್ತುತ್ತಿದ್ದರು. ತಂತಿಯ ಈ ಬಗೆಯ ಬಲಿಯನ್ನು ಯೋಚಿಸಿದವರಲ್ಲಿ ಮೊದಲಿಗನು ಫ್ರಾನ್ಸಿನ ಲೂಯಿ ಬ್ರೆಗೆ. 1847ರಲ್ಲಿ ಆತ ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ತಂತಿಯ ಒಂದು ತುಂಡನ್ನು ಬೇಕೆಂದೇ ಸಣ್ಣದಾಗಿಸಬೇಕೆಂದು ಸೂಚಿಸಿದ್ದ. ಮನೆಗಳಿಗೆ ವಿದ್ಯುತ್ ಹಂಚುವ ತನ್ನ ವ್ಯವಸ್ಥೆಯ ಭಾಗವಾಗಿ ಫ್ಯೂಸಿಗೆ ಎಡಿಸನ್ ಪೇಟೆಂಟ್ ಪಡೆದದ್ದು 1890ರಲ್ಲಿ. ನಾನು ಬ್ರಹ್ಮಪುರದ ಒಂದು ಬಾಡಿಗೆ ಮನೆಯಲ್ಲಿದ್ದಾಗ, ಹಿಂದಿನ ಬಾಡಿಗೆದಾರರೊಬ್ಬರು ಫ್ಯೂಸ್ ಪದೇ ಪದೇ ಹೋಗುವುದಕ್ಕೆ ಬೇಸತ್ತು, ಕೇಬಲಿನ ದಪ್ಪ ತಾಮ್ರದ ಎಳೆಗಳನ್ನು ಹೊಸೆದು ಕಟೌಟಿಗೆ ಸುತ್ತಿಟ್ಟಿದ್ದರು. ಮೇ ತಿಂಗಳ ಒಂದು ರಾತ್ರಿ, ಎರಡು ಕೂಲರ್ ಒಟ್ಟಿಗೆ ಓಡುತ್ತಿದ್ದಾಗ, ಕಟೌಟಿಗೆ ಏನೂ ಆಗಲಿಲ್ಲ. ಗೋಡೆಯೊಳಗಿನ ತಂತಿಯೇ ಕರಗಿ ಸ್ವಿಚ್ ಬೋರ್ಡು ಕಪ್ಪಾಯಿತು. ಫ್ಯೂಸನ್ನು ಬಲಪಡಿಸಿದವರು ಅದರ ಕೆಲಸವನ್ನು ಗೋಡೆಗೆ ವಹಿಸಿದ್ದರು.

ಈ ತಪ್ಪು ಪೇಟೆಯದ್ದಷ್ಟೇ ಅಲ್ಲ. ಆಳಂದದ ಕಡೆ ನಮ್ಮ ಕಾಕಾ ಟ್ರ್ಯಾಕ್ಟರಿಗೆ ರೋಟಾವೇಟರ್ ಹಚ್ಚಿ ತೊಗರಿಯ ಕೂಳೆ ತೆಗೆಸುತ್ತಾರೆ. ಟ್ರ್ಯಾಕ್ಟರಿನ ತಿರುಗುವ ಶಾಫ್ಟಿಗೂ ರೋಟಾವೇಟರಿಗೂ ನಡುವೆ ಒಂದು ಮೆತ್ತನೆಯ ಬೋಲ್ಟ್ ಇರುತ್ತದೆ. ಅಲಗಿಗೆ ಕಲ್ಲು ಸಿಕ್ಕಿದರೆ ಆ ಬೋಲ್ಟ್ ಕತ್ತರಿಸಿಹೋಗಿ, ಶಾಫ್ಟು ಸುಮ್ಮನೆ ತಿರುಗುತ್ತದೆ. ಹೋದ ವರ್ಷ ಅವರ ಹೊಲದಲ್ಲಿ ಒಂದೇ ದಿನ ಮೂರು ಬೋಲ್ಟ್ ಹೋದವು. ಸಿಟ್ಟಿಗೆದ್ದ ಡ್ರೈವರ್ ಹುಡುಗ, ಲಾರಿಯ ಬಿಡಿಭಾಗ ಮಾರುವ ಅಂಗಡಿಯಿಂದ ಗಟ್ಟಿ ಉಕ್ಕಿನ ಬೋಲ್ಟ್ ತಂದು ಹಾಕಿದ. ನಾಲ್ಕನೆಯ ಕಲ್ಲು ಸಿಕ್ಕಾಗ ಬೋಲ್ಟಿಗೆ ಏನೂ ಆಗಲಿಲ್ಲ, ಗೇರ್‌ಬಾಕ್ಸಿನ ಹಲ್ಲು ಉದುರಿದವು. ಕಾಕಾ ಆ ಬೋಲ್ಟನ್ನು ಈಗಲೂ ಕಿಟಕಿಯಲ್ಲಿಟ್ಟಿದ್ದಾರೆ, ಹುಡುಗನಿಗೆ ತೋರಿಸುವುದಕ್ಕೆ.

ಮಿಕ್ಸರಿನ ಕಥೆಯಲ್ಲಿ ನನಗೆ ಹೆಚ್ಚಿನ ಪ್ರೀತಿ, ಏಕೆಂದರೆ ಅದು ನಮ್ಮ ಅಡುಗೆಯನ್ನು ಅರ್ಥಮಾಡಿಕೊಂಡ ಯಂತ್ರ. ಹೊರದೇಶದ ಮಿಕ್ಸರುಗಳು ಹಣ್ಣು, ಮೊಟ್ಟೆ, ಹಿಟ್ಟುಗಳನ್ನು ಕಲಸುವುದಕ್ಕೆಂದು ಹುಟ್ಟಿದವು. ಒಣಮೆಣಸಿನಕಾಯಿ, ಅರಿಸಿನದ ಕೊಂಬು, ನೆನೆಸಿದ ಉದ್ದಿನಬೇಳೆ ಅವುಗಳ ಮೋಟಾರನ್ನು ಸುಟ್ಟುಹಾಕುತ್ತಿದ್ದವು. ಸೀಮೆನ್ಸ್‌ನಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲೂ ಜರ್ಮನಿಯ ಮಿಕ್ಸರ್ ಒಂದು ಹೀಗೆಯೇ ಕೈಕೊಟ್ಟಿತು. ಭಾರತದ ಮಸಾಲೆಗೆ ತಕ್ಕ ಶಕ್ತಿಯ ಮೋಟಾರು, ಒಣಪುಡಿಗೂ ಹಸಿ ರುಬ್ಬುವಿಕೆಗೂ ಬೇರೆಬೇರೆ ಅಲಗು ಇರುವ ಯಂತ್ರವನ್ನು ಅವರು ರೂಪಿಸಿದರು. 1963ರಲ್ಲಿ ಅದು ಸುಮೀತ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಮುಂದಿನ ದಶಕಗಳಲ್ಲಿ ಎಷ್ಟೋ ಮನೆಗಳ ಒರಳು, ಬೀಸುಕಲ್ಲುಗಳನ್ನು ಹಿತ್ತಲಿಗೆ ಕಳಿಸಿತು.

ಇಂದಿನ ಮಿಕ್ಸರುಗಳ ಜಾರನ್ನು ಎತ್ತಿದರೆ ಕೆಳಗೆ ಹಲ್ಲುಹಲ್ಲಾದ ಒಂದು ಪುಟ್ಟ ಚಕ್ರ ಕಾಣುತ್ತದೆ, ಕಪ್ಲರ್. ಒಳಗಿನ ಶಾಫ್ಟು ಉಕ್ಕಿನದು, ಜಾರಿನ ಅಲಗು ಉಕ್ಕಿನದು, ಇವೆರಡರ ನಡುವೆ ಕೈಕುಲುಕಿಸುವ ಕಪ್ಲರ್ ಮಾತ್ರ ಬಹಳಷ್ಟು ಕಡೆ ನೈಲಾನ್ ಅಥವಾ ರಬ್ಬರಿನದು. ನಮ್ಮಲ್ಲಿ ಶೇಂಗಾ ಹಿಂಡಿ ಮಾಡುವಾಗ ಎಣ್ಣೆ ಬಿಟ್ಟು ಮುದ್ದೆಗಟ್ಟಿದ ಪುಡಿ ಅಲಗಿನ ಕೆಳಗೆ ಸಿಕ್ಕಿಕೊಳ್ಳುವುದು ದಿನದ ಮಾತು. ಆಗ ಕಪ್ಲರಿನ ಹಲ್ಲು ಸವೆದೋ ಮುರಿದೋ ಹೋಗುತ್ತದೆ, ಮೋಟಾರು ಬದುಕುತ್ತದೆ. ಉಸ್ತಾದರ ಅಂಗಡಿಯಲ್ಲಿ ಡಬ್ಬಿತುಂಬ ಕಪ್ಲರುಗಳಿರುವುದಕ್ಕೆ ಇದೇ ಕಾರಣ. ಮನೆಯಲ್ಲಿ ತಾವೇ ಬದಲಿಸಲು ಹೊರಡುವವರಿಗೆ ಒಂದು ಮಾತು: ಬಹುತೇಕ ಮಿಕ್ಸರುಗಳಲ್ಲಿ ಅದರ ಸುತ್ತು ಉಲ್ಟಾ ಇರುತ್ತದೆ. ಮೋಟಾರು ತಿರುಗುವಾಗ ಕಪ್ಲರ್ ಬಿಗಿಯಾಗುತ್ತಲೇ ಹೋಗಲೆಂದು ಹಾಗೆ ಮಾಡಿರುತ್ತಾರೆ. ಇದನ್ನರಿಯದೆ ಬಲ ಹಾಕಿ ಎಡಕ್ಕೆ ತಿರುಗಿಸಿ ಶಾಫ್ಟನ್ನೇ ಬಗ್ಗಿಸಿದವರು ಇದ್ದಾರೆ, ಅವರಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳುವವನೂ ಒಬ್ಬ.

ಮಿಕ್ಸರಿನ ತಳದ ಕೆಂಪು ಗುಂಡಿಯ ಸ್ವಭಾವ ಸ್ವಲ್ಪ ಬೇರೆ. ಅದು ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಮೋಟಾರು ಮಿತಿಮೀರಿ ಕರೆಂಟ್ ಎಳೆದಾಗ ಒಳಗಿನ ಪಟ್ಟಿಯೊಂದು ಬಿಸಿಯಾಗಿ ಬಾಗಿ ದಾರಿ ಕಡಿಯುತ್ತದೆ, ತಣ್ಣಗಾದ ಮೇಲೆ ಗುಂಡಿ ಒತ್ತಿದರೆ ಮತ್ತೆ ಎದ್ದು ಕೂರುತ್ತದೆ. ಬಿಸಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡುವ ಇಂಥ ಪಟ್ಟಿಯನ್ನು ಹದಿನೆಂಟನೆಯ ಶತಮಾನದಲ್ಲಿ ಗಡಿಯಾರ ತಯಾರಿಸುವ ಜಾನ್ ಹ್ಯಾರಿಸನ್ ತನ್ನ ಹಡಗಿನ ಗಡಿಯಾರದಲ್ಲಿ ಬಳಸಿದ್ದ, ಬಿಸಿಲು ಚಳಿಗಳಿಗೆ ಸಮಯ ತಪ್ಪಬಾರದೆಂದು. ಮನೆಯ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್, ಕೂಡ ಇದೇ ಕುಲದ್ದು. ಜರ್ಮನಿಯ ಹ್ಯೂಗೊ ಸ್ಟಾಟ್ಸ್ 1924ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅನುಕೂಲದಲ್ಲಿ ಅದು ಫ್ಯೂಸ್ ತಂತಿಗಿಂತ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಕೊರಗು: ಸುಟ್ಟ ತಂತಿ ನಮ್ಮನ್ನು ಟಾರ್ಚ್ ಹಿಡಿದು ಕಾರಣ ಹುಡುಕುವಂತೆ ಮಾಡುತ್ತಿತ್ತು, ಬಿದ್ದ ಸ್ವಿಚ್ಚನ್ನು ನಾವು ಯೋಚಿಸದೆ ಮೇಲೆತ್ತಿ ಬಿಡುತ್ತೇವೆ.

ಎಲ್ಲಕ್ಕಿಂತ ಮರೆಯಲ್ಲಿ ಸಾಯುವ ಭಾಗ ಗೀಸರಿನೊಳಗಿದೆ. ಕಲಬುರಗಿ ಜಿಲ್ಲೆಯ ದೊಡ್ಡ ಭಾಗ ಸುಣ್ಣಕಲ್ಲಿನ ಮೇಲೆ ಕುಳಿತಿದೆ. ಶಹಾಬಾದ್ ಕಲ್ಲಿನ ಹೆಸರು ಊರೂರಿಗೆ ಹೋದದ್ದೂ, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದರಿಂದಲೇ. ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನ ಗಡಸುತನ ಬಕೆಟಿನ ಬಿಳಿ ಗೆರೆಯಲ್ಲೂ, ಕೂಲರಿನ ಹುಲ್ಲಿಗೆ ಹತ್ತುವ ಉಪ್ಪಿನಲ್ಲೂ, ನೊರೆ ಬಾರದ ಸಾಬೂನಿನಲ್ಲೂ ದಿನಾಲೂ ಕಾಣುತ್ತದೆ. ಇಂಥ ಖನಿಜ ತುಂಬಿದ ಬಿಸಿನೀರು ಉಕ್ಕಿನ ತೊಟ್ಟಿಯನ್ನು ಬಲುಬೇಗ ತಿಂದುಹಾಕಬೇಕು. ತೊಟ್ಟಿಯ ಒಳಮೈಗೆ ಗಾಜಿನಂಥ ಲೇಪ ಕೊಟ್ಟಿರುತ್ತಾರೆ ನಿಜ, ಆದರೆ ಲೇಪದಲ್ಲಿ ಎಲ್ಲೋ ಒಂದು ಕೂದಲೆಳೆಯ ಬಿರುಕಿದ್ದರೂ ತುಕ್ಕಿಗೆ ಸಾಕು. ಆದ್ದರಿಂದ ತೊಟ್ಟಿಯ ನಡುವೆ ಮೆಗ್ನೀಸಿಯಮ್ಮಿನ ಒಂದು ಸಲಾಕೆ ಇಳಿಬಿಟ್ಟಿರುತ್ತಾರೆ. ಉಕ್ಕಿಗಿಂತ ಮೆಗ್ನೀಸಿಯಂ ಸುಲಭವಾಗಿ ಕರಗುವ ಸ್ವಭಾವದ್ದು. ನೀರಿನಲ್ಲಿ ಇವೆರಡೂ ಒಂದಕ್ಕೊಂದು ತಾಗಿಕೊಂಡಿರುವವರೆಗೆ ತುಕ್ಕಿನ ಹಸಿವನ್ನೆಲ್ಲ ಸಲಾಕೆ ತಾನೇ ಹೊರುತ್ತದೆ. ನಾಲ್ಕು ವರ್ಷ ಓಡಿದ ನಮ್ಮ ಗೀಸರನ್ನು ಬಿಚ್ಚಿಸಿದಾಗ, ಬೆರಳು ದಪ್ಪದ ಸಲಾಕೆ ಇರಬೇಕಾದ ಜಾಗದಲ್ಲಿ ಒಂದು ತುಕ್ಕು ಹಿಡಿದ ತಂತಿ ಮಾತ್ರ ಜೋಲಾಡುತ್ತಿತ್ತು. ಮಾರುವಾಗ ಅಂಗಡಿಯವರು ಅದರ ಮಾತೆತ್ತಿರಲಿಲ್ಲ. ನಾನೂ ಕೇಳಿರಲಿಲ್ಲ, ಇದ್ದದ್ದೇ ಗೊತ್ತಿರದಿದ್ದರೆ ಕೇಳುವುದಾದರೂ ಹೇಗೆ?

ಈ ಉಪಾಯವನ್ನು ಕಂಡವನು ಗಣಿಗಾರರ ದೀಪಕ್ಕೆ ಹೆಸರಾದ ಹಂಫ್ರಿ ಡೇವಿ. ಆ ಕಾಲದ ಮರದ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಕಡಲಿನ ಉಪ್ಪುನೀರು ಅದನ್ನು ತಿನ್ನುತ್ತಿತ್ತು. ತಾಮ್ರಕ್ಕೆ ಕಬ್ಬಿಣ ಅಥವಾ ಸತುವಿನ ತುಂಡುಗಳನ್ನು ಜೋಡಿಸಿದರೆ ತುಂಡುಗಳು ಸವೆದು ತಾಮ್ರ ಉಳಿಯುತ್ತದೆಂದು ಡೇವಿ 1824ರಲ್ಲಿ ತೋರಿಸಿದ, ಸಮರಂಗ್ ಎಂಬ ಹಡಗಿನ ಮೇಲೆ ಪ್ರಯೋಗವೂ ಆಯಿತು. ತಾಮ್ರ ಉಳಿಯಿತು; ಆದರೆ ಆ ತಾಮ್ರ ಸ್ವಲ್ಪಸ್ವಲ್ಪವೇ ಕರಗುತ್ತಿದ್ದುದರಿಂದಲೇ ಕಡಲ ಪಾಚಿಯೂ ಚಿಪ್ಪುಜೀವಿಗಳೂ ಹಡಗಿಗೆ ಅಂಟದೆ ಇದ್ದವು. ಕರಗುವುದು ನಿಂತೊಡನೆ ಅವು ಮೆತ್ತಿಕೊಂಡು ಹಡಗಿನ ವೇಗ ಕುಂದಿತು, ನೌಕಾಪಡೆ ಯೋಜನೆಯನ್ನು ಕೈಬಿಟ್ಟಿತು. ವಿಜ್ಞಾನ ಸರಿಯಿದ್ದೂ ಕೆಲಸ ಕೆಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸೋಲುವ ಭಾಗವೊಂದನ್ನು ಆರಿಸುವ ಮುನ್ನ, ಈಗ ಸೋಲುತ್ತಿರುವ ಭಾಗ ಗುಟ್ಟಾಗಿ ಇನ್ನೇನು ಉಪಕಾರ ಮಾಡುತ್ತಿದೆ ಎಂದು ನೋಡಬೇಕಾಗುತ್ತದೆ.

ಸತುವಿನ ಮಾತು ಬಂದದ್ದರಿಂದ ಒಂದು ಸಣ್ಣ ಹೊರಳು. ಕಬ್ಬಿಣಕ್ಕೆ ಕರಗಿದ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ನಮ್ಮ ಕೂಲರಿನ ಜಿಐ ತಗಡು, ನೀರಿನ ಬಕೆಟು, ಹೊಲದ ಮುಳ್ಳುತಂತಿ ಎಲ್ಲ ಆ ಲೇಪದಿಂದ ಬಾಳುತ್ತಿವೆ. ಅಲ್ಲಿಯೂ ಗೀರುಬಿದ್ದ ಜಾಗದಲ್ಲಿ ಕಬ್ಬಿಣಕ್ಕಿಂತ ಮೊದಲು ಸತುವೇ ಸವೆಯುತ್ತದೆ. ಪಕ್ಕದ ಬೀದರಿನಲ್ಲಿ ಬಿದ್ರಿ ಪಾತ್ರೆಗಳಿಗೆ ಎರಕ ಹೊಯ್ಯುವುದೂ ಬಹುಪಾಲು ಇದೇ ಸತುವಿನಿಂದ, ಜೊತೆಗೆ ಸ್ವಲ್ಪ ತಾಮ್ರ. ಒಂದೇ ಲೋಹ ಒಂದು ಊರಿನಲ್ಲಿ ಬೆಳ್ಳಿಯ ಬಳ್ಳಿಯನ್ನು ಹೊತ್ತು ಗಾಜಿನ ಕಪಾಟಿನಲ್ಲಿ ಕೂರುತ್ತದೆ, ಇನ್ನೊಂದು ಊರಿನಲ್ಲಿ ಕೂಲರಿನ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ಸವೆಯುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದೇ ಜಾಣತನದ ಕೆಟ್ಟ ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 1924ರ ಡಿಸೆಂಬರಿನಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡರು. ಬಲ್ಬಿನ ಆಯುಸ್ಸು 1000 ಗಂಟೆಗೆ ಇಳಿಯಬೇಕು, ಅದಕ್ಕಿಂತ ಹೆಚ್ಚು ಬಾಳುವ ಬಲ್ಬ್ ಮಾಡಿದವರು ದಂಡ ಕಟ್ಟಬೇಕು ಎಂಬ ಒಪ್ಪಂದ ಅದು. ಬಹಳ ದಿನ ಬಾಳುವ ತಂತು ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ ಎಂಬುದೂ ನಿಜ, ಆದ್ದರಿಂದ 1000 ಗಂಟೆಯ ಲೆಕ್ಕದಲ್ಲಿ ಎಂಜಿನಿಯರಿಂಗೂ ಸ್ವಲ್ಪ ಇತ್ತು. ಆದರೆ ಹೆಚ್ಚು ಬಾಳಿದ್ದಕ್ಕೆ ದಂಡ ಎನ್ನುವುದು ವ್ಯಾಪಾರವೇ ಹೊರತು ಎಂಜಿನಿಯರಿಂಗ್ ಅಲ್ಲ.

ಇಂದಿನ ಎಲ್‌ಇಡಿ ಬಲ್ಬಿನಲ್ಲಿ ಕೂಟವೇನೂ ಬೇಕಿಲ್ಲ, ಅಂಟು ಸಾಕು. ಆರಿಹೋದ ಬಲ್ಬುಗಳನ್ನು ನಾನು ಕೂಡಿಟ್ಟು ಕೊಯ್ದು ನೋಡುತ್ತೇನೆ. ಕೆಲವದರಲ್ಲಿ ಸಾಲಾಗಿ ಜೋಡಿಸಿದ ಎಲ್‌ಇಡಿಗಳಲ್ಲಿ ಒಂದೇ ಒಂದು ಸತ್ತು ಉಳಿದವನ್ನೂ ಕತ್ತಲೆಗೆ ತಳ್ಳಿರುತ್ತದೆ. ಇನ್ನು ಕೆಲವದರಲ್ಲಿ ಎಲ್‌ಇಡಿಗಳೆಲ್ಲ ಸರಿಯಿದ್ದು, ಬುಡದ ಸರ್ಕಿಟ್ಟಿನ ಕೆಪಾಸಿಟರ್ ಬಿಸಿಗೆ ಒಣಗಿ ಉಬ್ಬಿರುತ್ತದೆ. ಎರಡೂ ಕೆಲವೇ ರೂಪಾಯಿಯ ಭಾಗಗಳು. ಇಲ್ಲಿಯೂ ಅಗ್ಗದ ಭಾಗವೇ ಮೊದಲು ಸೋಲುತ್ತದೆ, ಆದರೆ ಕುಕ್ಕರಿನ ಬಿರಡೆಯ ಹಾಗೆ ಉಳಿದದ್ದನ್ನು ಕಾಪಾಡುವುದಿಲ್ಲ, ತನ್ನೊಡನೆ ಎಲ್ಲವನ್ನೂ ಕಸದ ಗಾಡಿಗೆ ಕರೆದೊಯ್ಯುತ್ತದೆ. ಇವೆರಡರ ವ್ಯತ್ಯಾಸ ಹೇಗೆ ಗುರುತಿಸುವುದೆಂದು ಉಸ್ತಾದರನ್ನು ಕೇಳಿದೆ. ಅವರಿಗೆ ಅದು ಪ್ರಶ್ನೆಯೇ ಅಲ್ಲ. “ಬಿಡಿ ಸಿಗ್ತದ ಅಂದ್ರ ನಿಮ್ಮ ಸಲುವಾಗಿ ಮಾಡ್ಯಾರ ಸರ, ಬಿಡಿ ಸಿಗಲ್ಲ ಅಂದ್ರ ತಮ್ಮ ಸಲುವಾಗಿ ಮಾಡ್ಯಾರ” ಎಂದರು, ಇಸ್ತ್ರಿಪೆಟ್ಟಿಗೆಯೊಂದರ ಸ್ಕ್ರೂ ಬಿಚ್ಚುತ್ತಲೇ. ಈ ಅಳತೆಗೋಲಿನಿಂದ ನಾನು ಮನೆಯ ಸಾಮಾನುಗಳನ್ನು ಅಳೆದು ನೋಡಿದೆ. ಕುಕ್ಕರ್, ಹವಾಯಿ ಚಪ್ಪಲಿಯ ಪಟ್ಟಿ, ವಾಷರ್ ಹಾಕುವ ಹಳೆಯ ನಲ್ಲಿ, ಹುಲ್ಲು ಬದಲಿಸಬಹುದಾದ ಕೂಲರ್ ಪಾಸಾದವು. ಗೀಸರ್ ಪಾಸಾಯಿತು, ಆದರೆ ಸಲಾಕೆ ತರಿಸಲು ಮೂರು ವಾರ ಹಿಡಿಯಿತು. ಬಲ್ಬುಗಳೂ, ಬ್ಯಾಟರಿಯನ್ನು ಒಳಗೇ ಅಂಟಿಸಿದ ಫೋನೂ ಪಾಸಾಗಲಿಲ್ಲ. ಎರಡು ಮಿಕ್ಸರುಗಳಲ್ಲಿ ಒಂದು ಪಾಸು, ಇನ್ನೊಂದರ ಕಪ್ಲರಿನ ಆಕಾರ ಲೋಕದಲ್ಲಿ ಬೇರಾವುದಕ್ಕೂ ಹೊಂದದಂತೆ ಮಾಡಿರುವುದರಿಂದ ಅನುಮಾನದಲ್ಲಿದೆ.

ಹೋದ ವಾರ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತರಲೆಂದು ಅವ್ವನೊಡನೆ ಮತ್ತೆ ಪೇಟೆಗೆ ಹೋಗಿದ್ದೆ. ಪಾತ್ರೆ ಅಂಗಡಿಯ ಹುಡುಗ ಗ್ಯಾಸ್ಕೆಟ್ ಹುಡುಕುವಷ್ಟರಲ್ಲಿ ಅವಳ ಕಣ್ಣು ಹೊಳೆಯುವ ಒಂದು ಎಲೆಕ್ಟ್ರಿಕ್ ಕೆಟಲಿನ ಮೇಲೆ ಬಿತ್ತು. ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು ಹಾಕಿ, ತಿರುವಿ ತಳ ನೋಡಿ, “ತಮ್ಮಾ, ಇದರಾಗ ಮೊದಲ ಕೆಡೂದು ಯಾವುದು?” ಎಂದು ಕೇಳಿದಳು. ಹುಡುಗ ನಕ್ಕು, “ಅಮ್ಮಾ, ಇದು ಕೆಡೂದೇ ಇಲ್ರಿ” ಎಂದ. ಅವ್ವ ಕೆಟಲನ್ನು ಇದ್ದ ಜಾಗದಲ್ಲೇ ಇಟ್ಟು, ಗ್ಯಾಸ್ಕೆಟಿನ ಹಣ ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಅಂಗಡಿಯ ಮೆಟ್ಟಿಲಿಳಿದಳು.